ಮಖಮಲ್ಲಿನಲ್ಲಿ ಸುತ್ತಿಟ್ಟ ಲೆನ್ಸು

ಸೇಡಂನ ದೇವೀಂದ್ರಪ್ಪನ ಫೋಟೊ ಸ್ಟುಡಿಯೊದಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು ಅವನ ಹೆಂಡತಿ ಚಂದ್ರಕಲಾ. ಬೋರ್ಡಿನ ಮೇಲಿದ್ದದ್ದು ಅವನ ಹೆಸರು. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಫೋಟೊ ಎಲ್ಲಕ್ಕೂ ಅವಳಿಗೆ ಕ್ಯಾಮೆರಾದ ಜೊತೆ ಬಂದ ಅಗ್ಗದ ಲೆನ್ಸೇ ಗತಿ. ಹೈದರಾಬಾದಿನಿಂದ ತಂದ ದೊಡ್ಡ ಲೆನ್ಸು ಅವನದು. ಅದನ್ನು ಮಂದಿಯ ಮುಂದೆ ವರ್ಣಿಸಿದಷ್ಟು ಸಲ ಅವನು ಕ್ಯಾಮೆರಾಕ್ಕೆ ಹಾಕಲಿಲ್ಲ.

"ನಿನ್ನ ಕೈ ಬೆವರು ತಾಗಿದ್ರ ಗಾಜು ಕೆಡ್ತದ" ಎಂದು ಅವಳಿಗೂ ಮುಟ್ಟಗೊಡದೆ, ಮಖಮಲ್ಲಿನಲ್ಲಿ ಸುತ್ತಿ, ಚರ್ಮದ ಚೀಲದಲ್ಲಿ ಕಟ್ಟಿ, ದೇವರ ಪಕ್ಕದ ಗೋಡೆಗೂಡಿನಲ್ಲಿಟ್ಟ. ಆ ಕಲ್ಲುಗೋಡೆ ಮಳೆಗಾಲದಲ್ಲಿ ನೀರೊಸರುವುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಬೆಕ್ಕು ಅಲ್ಲಿ ಮಲಗುತ್ತಿರಲಿಲ್ಲ.

ಈ ಶ್ರಾವಣದಲ್ಲಿ ಸುಲೇಪೇಟದ ಶಾಲೆಯೊಂದರ ಐವತ್ತು ವರ್ಷದ ಸಮಾರಂಭ ಬಂತು. ದೇವೀಂದ್ರಪ್ಪ ಹೆಡ್‌ಮಾಸ್ತರರ ಮುಂದೆ ಎದೆಯುಬ್ಬಿಸಿ ಹೇಳಿಬಿಟ್ಟ: "ಮುನ್ನೂರು ಮಂದಿ ಕುಂತ್ರೂ ಒಬ್ಬೊಬ್ಬರ ಹುಬ್ಬು ಎಣಸಬೇಕು, ಹಂಗ ತಗೀತೀನ್ರಿ. ದೊಡ್ಡ ಲೆನ್ಸ್ ಅದ. ತಪ್ಪಿದ್ರ ಬೋರ್ಡ್ ಇಳಸ್ತೀನಿ."

ಗುರುವಾರ ಚೀಲ ಬಿಚ್ಚಿದರೆ ಲೆನ್ಸಿನ ಒಳಗಡೆ ಬಿಳಿ ಎಳೆಗಳು, ಜೇಡರ ಬಲೆ ನೇಯ್ದ ಹಾಗೆ. ಅವನು ಬೆವತುಕೊಂಡು ವಾಡಿಗೆ, ಕ್ಯಾಮೆರಾ ರಿಪೇರಿಯ ಅಬ್ದುಲ್ ಮಜೀದನಲ್ಲಿಗೆ ಓಡಿದ.

ಮಜೀದ ಲೆನ್ಸನ್ನು ಬೆಳಕಿಗೆ ಹಿಡಿದ. "ಬೂಷ್ಟು ಹಿಡದದ. ಯಾವಾಗ ಹೊರಗ ತಗೀತಿದ್ರಿ?"

"ದಸರಾದಾಗ, ಖಂಡೇ ಪೂಜಿಗಿ. ವರ್ಷಕ್ಕೊಮ್ಮಿ ನೀರು ಚಿಮುಕಿಸಿ, ಊದಿನಕಡ್ಡಿ ಬೆಳಗಿ, ಮತ್ತ ಕಟ್ಟಿಡ್ತಿದ್ದೆ."

"ಹೊಲಕ್ಕ ನೀರು ಬಿಟ್ಟಂಗ ಬಿಟ್ಟೀರಿ ಸಾಹುಕಾರ್ರ. ಬೆಳಿ ಚಲೋ ಬಂದದ."

"ಒರಸಿ ಕೊಡ್ರಿ ಭಾಯಿ. ಐತ್ವಾರ ಕೆಲಸ ಅದ."

"ಬೂಷ್ಟು ತಗೀತೀನಿ. ಅದು ಗಾಜಿನ ಮ್ಯಾಲಿನ ಲೇಪಾನೇ ತಿಂದದ, ಆ ಲೇಪ ತಿರುಗಿ ಬರಂಗಿಲ್ಲ. ದಿನಾ ಬಿಸಿಲು ಗಾಳಿ ಕಂಡಿದ್ರ ಹಿಂಗ ಆಗ್ತಿದ್ದಿಲ್ಲ."

"ಯಾರಿಗೂ ಹೇಳಬ್ಯಾಡ್ರಿ ಮತ್ತ."

"ಈ ಲೆನ್ಸ್ ಕಣ್ಣಿಲೆ ನೋಡಿದವರು ಯಾರರ ಇದ್ರ ಹೇಳ್ತಿದ್ದೆ."

ಲೆನ್ಸು ತೊಳೆದ ಮೇಲೂ ಅದರಲ್ಲಿ ತೆಗೆದ ಪಟಗಳ ಮೇಲೆ ಹಾಲು ಚೆಲ್ಲಿದಂಥ ಮಬ್ಬು. ಭಾನುವಾರ ಶಾಲೆಯಲ್ಲಿ ಚಂದ್ರಕಲಾ ತನ್ನ ಲೆನ್ಸು ಹಾಕಿಕೊಂಡು ಮೇಜು ಹತ್ತಿದಳು. ಮುನ್ನೂರು ಮುಖಗಳೂ ಸ್ಪಷ್ಟವಾಗಿ ಬಂದವು. ಕೆಳಗೆ ನಿಂತು ಹುಡುಗರ ಕಾಲರು ಸರಿಮಾಡುತ್ತಿದ್ದ ದೇವೀಂದ್ರಪ್ಪನ ಕೈಕುಲುಕಿ ಹೆಡ್‌ಮಾಸ್ತರರು, "ದೊಡ್ಡ ಲೆನ್ಸ್ ಅಂದ್ರ ದೊಡ್ಡ ಲೆನ್ಸೇ" ಎಂದರು. ಅವನು ನಾಚದೆ ತಲೆಯಾಡಿಸಿದ. ಬೋರ್ಡು ಉಳಿಯಿತು.

ಆ ಸಂಜೆ ಮನೆಯಲ್ಲಿ ಅವನು ಅತ್ಯಂತ ಶ್ರದ್ಧೆಯಿಂದ ಅವಳ ಲೆನ್ಸನ್ನು ಮಖಮಲ್ಲಿನಲ್ಲಿ ಸುತ್ತುತ್ತಿದ್ದ.

"ಇದನ್ನೂ ಹೂಳ್ತೀರೇನ್ರಿ?" ಎಂದು ಚಂದ್ರಕಲಾ ಅದನ್ನು ಕಸಿದುಕೊಂಡು ಎಂದಿನಂತೆ ಕಿಟಕಿಯ ಬಳಿ ಇಟ್ಟಳು. ಮಖಮಲ್ಲಿನಿಂದ ಸ್ಟುಡಿಯೊದ ಬೋರ್ಡು ಒರೆಸಿದಳು. ಅದರ ಮೇಲೆ ಧೂಳು ಬಹಳ ಕೂತಿತ್ತು.