ಹಾಕದೇ ಬಿಟ್ಟ ನೋವಿನ ಸೂಜಿ

ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಚಿಂಚೋಳಿ ತಾಲೂಕಿನ ಸಣ್ಣದೊಂದು ಸರ್ಕಾರಿ ಆಸ್ಪತ್ರೆಗೆ ನಾನು ಹೊಸ ಡಾಕ್ಟರ್. ಆಪರೇಷನ್ ಥಿಯೇಟರ್ ಇತ್ತು. ಅರಿವಳಿಕೆ ಕೊಡುವವರು ಇರಲಿಲ್ಲ. ಹಾಗಾಗಿ ಥಿಯೇಟರಿನಲ್ಲಿ ಮುರಿದ ಮಂಚಗಳು ವಿಶ್ರಾಂತಿ ಪಡೆಯುತ್ತಿದ್ದವು. ನನ್ನ ಆಗಷ್ಟೇ ಚಿಗುರಿದ ಮೀಸೆ ನೋಡಿ ಅರ್ಧ ಊರು ‘ಡಾಕ್ಟರ್ ಎಲ್ಲ್ಯದಾರ?’ ಎಂದು ನನ್ನನ್ನೇ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಚಿಮ್ಮನಚೋಡದ ಅರ್ಚಕರ ಮನೆಯ ಇಂದಿರಾಬಾಯಿ, ಸೊಸೆ ಸುಧಾಳನ್ನು ಕರೆತಂದರು. ಮೊದಲ ಹೆರಿಗೆ ಸಿಸೇರಿಯನ್. ಈಗ ದಿನ ತುಂಬಿತ್ತು, ನೋವು ಬಂದಿರಲಿಲ್ಲ.

“ನಾಳಿಗಿ ಮೂಲಾ ನಕ್ಷತ್ರ ಹತ್ತತದ್ರಿ ಸಾಹೇಬ್ರ. ಹೆಣ್ಣ ಹುಟ್ಟಿದ್ರ ಯಾರ ಲಗ್ನಾ ಆಗ್ತಾರ? ಇವತ್ತ ನೋವಿನ ಸೂಜಿ ಹಾಕ್ರಿ.”

ನೋವಿನ ಸೂಜಿ ಎಂದರೆ ಆಕ್ಸಿಟೋಸಿನ್, ಗರ್ಭಕೋಶವನ್ನು ಹಿಂಡಿ ನೋವು ಬರಿಸುವ ಔಷಧ. ಹಳೆ ಸಿಸೇರಿಯನ್ ಹೊಲಿಗೆ ಇದ್ದಲ್ಲಿ ಆ ಒತ್ತಡಕ್ಕೆ ಗರ್ಭಕೋಶ ಹರಿಯಬಹುದು. ಅಪರೂಪ, ನಿಜ. ಹರಿದರೆ ಮಾತ್ರ ತಕ್ಷಣ ಹೊಟ್ಟೆ ತೆರೆಯಬೇಕು. ನಮ್ಮಲ್ಲಿ ತೆರೆಯಲು ಬರುತ್ತಿದ್ದುದು ಕಿಟಕಿ, ಅದೂ ಒಂದೇ ಕದ.

ಗುಲ್ಬರ್ಗಾದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಎಷ್ಟು ಹೇಳಿದರೂ ಇಂದಿರಾಬಾಯಿ ಒಪ್ಪಲಿಲ್ಲ. ನನ್ನೊಳಗಿನ ಮೇಷ್ಟ್ರು ಎದ್ದ. ಅಂಗಳದಲ್ಲಿ ಯಾರದೋ ತೊಗರಿ ಚೀಲವಿತ್ತು, ಹರಿದಲ್ಲಿ ಹೊಲಿದದ್ದು. “ಇದ ಗರ್ಭಕೋಶ ಅಂತ ತಿಳೀರಿ” ಎಂದು ಅದರ ಮೇಲೆ ಹತ್ತಿ ಕುಣಿದೆ. ಹೊಲಿಗೆ ಜಗ್ಗಲಿಲ್ಲ. ಚೀಲ ಹೊರಳಿ ನಾನು ಬಿದ್ದೆ.

“ಹೊಲಿಗಿ ಭಾಳ ಗಟ್ಟಿ ಅದ ನೋಡು ತಮ್ಮಾ. ನೀನ ಬಿದ್ದಿ! ನಿನಗ ಆಗ್ಲಿಲ್ಲಂದ್ರ ಸೇಡಂದಾಗ ಸೂಜಿ ಹಾಕವ್ರು ಅದಾರ.”

ಸಾಹೇಬ ಹೋಗಿ ತಮ್ಮ ಆಗಿದ್ದೆ. ಸೇಡಂನ ಆ ಸೂಜಿಯವನಿಗೆ ಡಿಗ್ರಿಯೂ ಇರಲಿಲ್ಲ, ಭಯವೂ ಇರಲಿಲ್ಲ. ಸಿಟ್ಟಿನಲ್ಲೇ ಮೈಮೇಲಿನ ಮಣ್ಣು ಕೊಡವಿಕೊಂಡು ಒಳಗೆ ಬಂದೆ, ಇಂದಿರಾಬಾಯಿಯೂ ಹಿಂದೆಯೇ ಬಂದರು.

ಆಗ ಮಂಚದಿಂದ ಸುಧಾ ಕೇಳಿದಳು: “ಹರದ್ರ ಕೂಸಿಗೆ ಏನಾಗ್ತದ್ರಿ?”

“ಉಳಿಯೂದು ಕಷ್ಟ ಅಕ್ಕಾ. ನೀವೂ ಅಷ್ಟ.”

ಅವಳು ಎದ್ದು ಕೂತಳು. “ಅತ್ತಿ, ನಾ ಸೇಡಂಕ ಬರಂಗಿಲ್ರಿ. ಗುಲ್ಬರ್ಗಾಕ್ಕ ನಡೀರಿ.”

ಬಾಡಿಗೆ ಜೀಪಿನಲ್ಲಿ ನಾನೂ ಹೋದೆ. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಹಳೆ ಗಾಯದ ಜಾಗ ನೆನೆದ ಕಾಗದದಷ್ಟು ತೆಳುವಾಗಿ, ಒಳಗಿನ ಕೂಸಿನ ಕೂದಲು ಕಾಣುತ್ತಿತ್ತು ಎಂದರು ಸರ್ಜನ್. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ.

ಸುದ್ದಿ ಊರು ಮುಟ್ಟಿದ್ದು ಮಾತ್ರ ಹೀಗೆ: ‘ಆ ಹುಡುಗ ಡಾಕ್ಟರಗ ಒಂದ ಸೂಜಿ ಹಾಕ್ಲಿಕ್ಕೂ ಬರಂಗಿಲ್ಲಂತ.’ ಮುಂದೆ ಎಷ್ಟೋ ದಿನ ಜ್ವರದವರೂ ನನ್ನನ್ನು ದಾಟಿ ಸೇಡಂ ಬಸ್ಸು ಹತ್ತಿದರು. ಹಾಕದ ಸೂಜಿಯಿಂದ ಯಾರಿಗೂ ಹೆಸರು ಬರುವುದಿಲ್ಲ. ಆದರೂ ಹಾಕಬಾರದ್ದನ್ನು ಹಾಕಬಾರದು. ಇನ್ನೊಂದನ್ನೂ ಕಲಿತೆ: ಅಪಾಯವನ್ನು ಮೊದಲು ಮಂಚದ ಮೇಲಿರುವವಳಿಗೇ ಹೇಳಬೇಕು. ಅವಳಿಗೆ ಚೀಲ ತೋರಿಸಬೇಕಾಗಿಲ್ಲ.