ಹಳದಿ ಒಳಗೆ ನಿಲ್ಲಲಿಲ್ಲ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಲ್ಲೇಶ್ವರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮರದರಿಶಿನದ ಕಾಂಡದಲ್ಲಿರುವ ಹಳದಿ ವಸ್ತು ರೋಗ ತರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ತೋರಿಸಬೇಕಿತ್ತು. ನಮ್ಮ ಗಾಯಗಳಿಗೆ ಅಮ್ಮ ಅದನ್ನೇ ತೇಯ್ದು ಹಚ್ಚುತ್ತಿದ್ದಳು. ಸುಲಭದ ಕೆಲಸ ಅಂದುಕೊಂಡಿದ್ದೆ.

ಎರಡು ವರ್ಷವಾದರೂ ಬ್ಯಾಕ್ಟೀರಿಯಾಗಳು ಸಾಯಲಿಲ್ಲ. ಹಳದಿ ನೀರಿನಲ್ಲೇ ಹಾಯಾಗಿ ಬೆಳೆದವು. "ನಿನ್ನ ಕಷಾಯದಲ್ಲೇ ಸತ್ವ ಇಲ್ಲಮ್ಮಾ, ಇನ್ನೊಂದ್ಸಲ ಮಾಡು" ಎನ್ನುತ್ತಿದ್ದರು ನನ್ನ ಗೈಡ್. ಮತ್ತೆ ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಗೆ ಹೋಗಿ ಕಾಂಡ ತರುವುದು, ಮತ್ತೆ ಕುಟ್ಟುವುದು, ಸೋಸುವುದು. ಸಂಜೆ ಬಿನ್ನಿಪೇಟೆಯ ಮನೆಗೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಉಗುರಿನ ಬಣ್ಣ ನೋಡಿ ಅಮ್ಮ, "ಇನ್ನೂ ಅದೇನಾ?" ಎನ್ನುತ್ತಿದ್ದಳು. ಮಿಲ್ಲಿನಿಂದ ಬಂದ ಅಪ್ಪನೂ ನಾನೂ ಮಾತಿಲ್ಲದೆ ಉಣ್ಣುತ್ತಿದ್ದೆವು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಲಾಸ್ಕು ಕುಲುಕುವ ಯಂತ್ರ ನಿಂತಿತು. ಬ್ಯಾಕ್ಟೀರಿಯಾಗಳಿಗೆ ಮೂರು ಗಂಟೆ ಗಾಳಿಯಿಲ್ಲ, ಆಹಾರವೂ ಮುಗಿದಿತ್ತು. ಕರೆಂಟು ಬಂದ ಮೇಲೆ, ಚೆಲ್ಲುವ ಮೊದಲು ನೋಡೋಣವೆಂದು ಅವನ್ನು ಇನ್ನೊಂದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಟ್ಯೂಬಿನ ತಳಕ್ಕಿಳಿಸಿದೆ. ದಿನವೂ ಬೆಳ್ಳಗಿರುತ್ತಿದ್ದ ಬ್ಯಾಕ್ಟೀರಿಯಾಗಳ ಗಸಿ ಅಂದು ಹಳದಿಯಾಗಿತ್ತು. ತಿಳಿನೀರಿನಲ್ಲಿ ಕದಡಿ, ಸಕ್ಕರೆ ಹಾಕಿ ಮತ್ತೆ ಕುಲುಕಿದೆ. ಅರ್ಧ ಗಂಟೆಯಲ್ಲಿ ಗಸಿ ಬೆಳ್ಳಗಾಯಿತು, ನೀರು ಹಳದಿಯಾಯಿತು.

ಅಂದರೆ ಆ ಹಳದಿ ವಿಷ ಅವುಗಳ ಒಳಗೆ ಹೋಗುತ್ತಿತ್ತು. ಶಕ್ತಿಯಿರುವವರೆಗೂ ಅವು ಅದನ್ನು ಹೊರಗೆ ದಬ್ಬುತ್ತಿದ್ದವು. ಅವುಗಳ ಪೊರೆಯಲ್ಲಿ ಅಂಥ ಪಂಪುಗಳಿರಬಹುದೆಂದು ಆಗಷ್ಟೇ ಓದಿದ್ದೆ.

"ಟ್ಯೂಬು ಸರಿಯಾಗಿ ತೊಳ್ದಿದ್ಯಾ?" ಎಂದರು ಗೈಡ್.

"ತೊಳ್ದಿದೀನಿ ಸರ್."

ತಮ್ಮೆದುರಿಗೇ ಮಾಡಿಸಿದರು. ಸ್ಟೂಲಿನ ಮೇಲಿಂದ ಏಳಲಿಲ್ಲ, ಕಾಫಿಯೂ ಆರಿಹೋಯಿತು. ಮೂರನೆಯ ಸಲವೂ ಹಾಗೇ ಆದಾಗ ಕನ್ನಡಕ ತೆಗೆದರು. "ಸತ್ವ ಇತ್ತು. ನಾನೇ ನಿನ್ ಕೈಲಿ ಸುಮ್ನೆ ಕುಟ್ಟಿಸ್ದೆ."

ಸಂತೋಷವಾಗಬೇಕಿತ್ತು. ಹೊರಗಿನ ಮೆಟ್ಟಿಲ ಮೇಲೆ ಕೂತೆ. ಕಾಲು ನೋಯುತ್ತಿತ್ತು, ಅಷ್ಟೇ.

ಮನೆಯಲ್ಲಿ ಎಲ್ಲ ಹೇಳಿದೆ. ಅಪ್ಪ ತಟ್ಟೆಯಿಂದ ತಲೆಯೆತ್ತಿದ. "ಹಗಲೂ ರಾತ್ರಿ ದಬ್ತಾನೇ ಇರ್ತಾವಾ? ಸುಸ್ತಾಗಲ್ವಾ ಅವಕ್ಕೆ?"

"ಊಟ ಇಲ್ದಿದ್ರೆ ಆಗತ್ತಪ್ಪ. ಆಗ ವಿಷ ಒಳಗೇ ಉಳ್ಕೊಳತ್ತೆ."

ಅಪ್ಪ ಅಮ್ಮನ ಕಡೆ ತಿರುಗಿ, "ಅವಳಿಗೆ ಇನ್ನೊಂದು ಮುದ್ದೆ ಹಾಕು" ಎಂದ.

ಆ ಪಂಪನ್ನು ಬೇರ್ಪಡಿಸಿ ತೋರಿಸಲು ನನ್ನಿಂದಾಗಲಿಲ್ಲ. ಇನ್ನಷ್ಟು ವರ್ಷ ನಿಲ್ಲುವ ಮನಸ್ಸೂ ಉಳಿದಿರಲಿಲ್ಲ. ಕಂಡದ್ದನ್ನಷ್ಟೇ ಬರೆದು ಪ್ರಬಂಧ ಒಪ್ಪಿಸಿ, ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ.