ಕೋಟೆಗಳೂ ನನ್ನ ಬಲ ಮಂಡಿಯೂ

ಯೂರೋಪಿನ ಕೋಟೆಗಳ ಬಗ್ಗೆ, ಅಮೆರಿಕದ ಹ್ಯೂಸ್ಟನ್ ಪಕ್ಕದ ನಮ್ಮ ಪೇರ್ಲ್ಯಾಂಡಿನ ಕನ್ನಡಿಗರಲ್ಲಿ ನನ್ನಷ್ಟು ಅಧಿಕಾರದಿಂದ ಮಾತಾಡುವವರು ಇನ್ನೊಬ್ಬರಿಲ್ಲ. ಈ ಪಾಂಡಿತ್ಯವನ್ನೆಲ್ಲ ನಾನು ಸಂಪಾದಿಸಿದ್ದು ಕೋಟೆಯ ಬುಡದಲ್ಲಿ, ಗಿಫ್ಟ್ ಶಾಪಿನ ಪಕ್ಕದ ಬೆಂಚಿನ ಮೇಲೆ ಕೂತು. ಮೇಲೆ ಹತ್ತುವವಳು ನನ್ನ ಹೆಂಡತಿ ವಿಮಲ. ನಾನು ಅವಳ ಕೋಟು ಕಾಯುತ್ತೇನೆ.

ಕಾರಣ ನನ್ನ ಬಲ ಮಂಡಿ. ನಿವೃತ್ತನಾಗುವವರೆಗೂ ಹ್ಯೂಸ್ಟನ್ನಿನ ಜನರ ಸವೆದ ಮಂಡಿಗಳನ್ನು ಬದಲಿಸುವುದೇ ನನ್ನ ಕಸುಬಾಗಿತ್ತು. ಸ್ವಂತ ಮಂಡಿಯ ಮಾತು ಬಂದರೆ ಮಾತ್ರ, "ಇನ್ನೊಂದು ವರ್ಷ ನೋಡೋಣ" ಎನ್ನುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮಲಗುವ ಕೋಣೆಯನ್ನು ಮಹಡಿಯಿಂದ ಕೆಳಗಿಳಿಸಿದ್ದು ವಾಸ್ತುವಿಗಾಗಿ ಎಂದು ಗೆಳೆಯರಿಗೆ ಹೇಳಿದ್ದೇನೆ. ನಾನು ವಾಸ್ತು ನಂಬುವುದಿಲ್ಲವೆಂಬುದು ಅವರಿಗೆಲ್ಲ ಗೊತ್ತು.

ಕೋಟೆಯ ಬುರುಜಿನ ಮೆಟ್ಟಿಲುಗಳು ಬಲಕ್ಕೆ ಸುತ್ತಿಕೊಂಡು ಏರುತ್ತವೆ, ನೋಡಿ. ಹತ್ತಿ ಬರುವ ಶತ್ರುವಿನ ಬಲಗೈ ನಡುವಿನ ಕಂಬಕ್ಕೆ ತಗುಲಿ, ಕತ್ತಿ ಬೀಸಲಾಗಬಾರದು ಎಂಬ ಉಪಾಯವಂತೆ. ಇದು ಕಟ್ಟುಕತೆ ಎನ್ನುವ ಪಂಡಿತರೂ ಇದ್ದಾರೆ. ಅವರ ಮಂಡಿ ಗಟ್ಟಿಯಾಗಿರಬೇಕು. ವೇಲ್ಸಿನ ಒಂದು ಕೋಟೆಗೆ ನಾನೂ ಒಮ್ಮೆ ನೀರಿನ ಬಾಟಲಿ ಹಿಡಿದು ದಂಡೆತ್ತಿ ಹೋಗಿದ್ದೆ. ಮೊದಲ ತಿರುವಿನಲ್ಲೇ ಸೋತೆ. ಹಿಂದಿದ್ದ ಜರ್ಮನ್ ಸಂಸಾರವೊಂದು ಸಾಲಾಗಿ ಕೆಳಗಿಳಿದು ನನಗೆ ದಾರಿ ಬಿಟ್ಟಿತು.

ಆ ದಿನ ವಿಮಲ ಇಳಿದು ಬಂದಾಗ ತಲೆಗೂದಲು ಕೆದರಿತ್ತು, ಮುಖ ಕೆಂಪೇರಿತ್ತು.

"ಮೇಲೇನಿತ್ತು?" ಎಂದೆ.

"ಗಾಳಿ" ಎಂದಳು. ಸಂಜೆಯವರೆಗೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು, ಆಮೇಲೆ ದುಃಖವಾಯಿತು.

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತ ಅವಳು ಪೋರ್ಚುಗಲ್ ಪ್ರವಾಸ ಬುಕ್ ಮಾಡುತ್ತಿದ್ದಳು. "ರೀ, ಇಲ್ಲಿ ಟವರ್ ಹತ್ತೋಕೆ ಟಿಕೆಟ್ ಬೇರೆ. ಒಂದೇ ತಗೋತೀನಿ, ನಿಮಗೆ ಬೇಡ ಅಲ್ವಾ?"

ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ಜಗಳವಾಡಬಹುದಿತ್ತು. ಇರಲಿಲ್ಲ. ನನ್ನನ್ನು ಕೆಳಗೆ ಬಿಟ್ಟು ಹತ್ತುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಚರಿತ್ರೆಯಲ್ಲಿ ಎಷ್ಟೋ ಕೋಟೆಗಳು ಫಿರಂಗಿಗೆ ಜಗ್ಗದೆ, ಒಳಗಿನವರೇ ಬಾಗಿಲು ತೆಗೆದಾಗ ಬಿದ್ದಿವೆ.

"ಎರಡು ತಗೋ. ಆದ್ರೆ ಈ ವರ್ಷ ಬೇಡ, ಮುಂದಿನ ವರ್ಷಕ್ಕೆ ತಗೋ" ಎಂದೆ. ಅವಳು ನನ್ನ ಮುಖ ನೋಡಿದಳು. ಮುಂದಿನ ವರ್ಷದ ತಾರೀಖು ಹಾಕಿ ಎರಡು ತೆಗೆದುಕೊಂಡಳು.

ಹಿತ್ತಿಲಿಗೆ ಹೋಗಿ, ನನ್ನ ಕೈಕೆಳಗೆ ಕಲಿತು ಈಗ ದೊಡ್ಡ ಸರ್ಜನ್ ಆಗಿರುವ ಸುಧಾಗೆ ಫೋನ್ ಮಾಡಿದೆ.

"ಒಂದು ಮಂಡಿ ಇದೆಯಮ್ಮ, ಮಾಡ್ತೀಯಾ?"

"ಮಾಡೋಣ ಸರ್. ಪೇಷೆಂಟ್ ಹೇಗೆ?"

"ಮಹಾ ಹಠಮಾರಿ. ಜೊತೆಗೆ ಪುಕ್ಕಲ."

"ಅಯ್ಯೋ. ಆಪರೇಷನ್‌ಗೆ ಒಪ್ಪಿದ್ದಾರಾ?"

"ಒಪ್ಪಿದ್ದಾನೆ," ಎಂದೆ. "ಹೆಂಡತಿ ಕೋಟೆ ಮೇಲೆ ಹತ್ತಿ ಏನು ನೋಡ್ತಾಳೋ ಅದನ್ನ ಅವನೂ ನೋಡಬೇಕಂತೆ."